ಹೃದಯದ ಚೀಲದ ನೀರು ಮತ್ತು ವೈದ್ಯರ ಅಂದಾಜು

ಎಕೋ ಕೋಣೆಯಲ್ಲಿ ದೀಪ ಆರಿಸಿರುತ್ತಾರೆ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣಗಿನ ಜೆಲ್ ಹಚ್ಚಿ ಪ್ರೋಬ್ ಇಟ್ಟ ಕೂಡಲೇ ಪರದೆಯ ಮೇಲೆ ಬೂದುಬಣ್ಣದ ಹೃದಯ ಮಿಡಿಯುವುದು ಕಾಣುತ್ತದೆ. ಅದರ ಸುತ್ತ ಕಪ್ಪು ಪಟ್ಟಿಯೊಂದು ಇದ್ದರೆ ಅಲ್ಲಿ ದ್ರವ ಸೇರಿದೆ ಎಂದರ್ಥ. ಕೆಲವರಲ್ಲಿ ಆ ಪಟ್ಟಿ ಎರಡು ಬೆರಳು ಅಗಲವಿರುತ್ತದೆ; ಒಳಗೆ ಹೃದಯ, ತುಂಬಿದ ಬಾವಿಗೆ ಇಳಿಬಿಟ್ಟ ಕೊಡದ ಹಾಗೆ, ಅತ್ತಿತ್ತ ತೂಗುತ್ತಿರುತ್ತದೆ. ಹೊರಗೆ ಬೆಂಚಿನ ಮೇಲೆ ಕೂತ ಮನೆಯವರಿಗೆ ನಾವು ವೈದ್ಯರು ಹೇಳುವುದು: "ಹಾರ್ಟ್ ಸುತ್ತ ನೀರು ತುಂಬಿದೆ." ಅದರ ಬೆನ್ನಿಗೇ, ಎಷ್ಟೋ ಸಲ ಅದೇ ಉಸಿರಿನಲ್ಲಿ, ಇನ್ನೊಂದು ಮಾತು: "ಟಿಬಿ ಇರಬೇಕು. ಮಾತ್ರೆ ಶುರು ಮಾಡೋಣ."

ಈ ಎರಡು ಮಾತುಗಳ ನಡುವೆ ಆಗಬೇಕಾದ ಕೆಲಸವೊಂದಿದೆ. ಅದು ಆಗದೆಯೇ ಎರಡನೆಯ ಮಾತು ಬಂದುಬಿಡುತ್ತಿದೆ ಎಂಬುದು ನನ್ನ ತಕರಾರು. ಇದು ನನ್ನ ಮೇಲೂ ಇರುವ ತಕರಾರು. ನಾನೂ ಹಾಗೆ ಹೇಳಿದ್ದೇನೆ, ಒಮ್ಮೆಯಂತೂ ತಪ್ಪಾಗಿ ಹೇಳಿದ್ದೇನೆ.

ಮೊದಲು ಆ ಅಂದಾಜಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಟಿಬಿ ಅಪರೂಪವಾಗಿರುವ ಶ್ರೀಮಂತ ದೇಶಗಳಲ್ಲಿ ಹೃದಯದ ಚೀಲದಲ್ಲಿ ನೀರು ಸೇರಿದ ನೂರು ಜನರಲ್ಲಿ ಐದು ಮಂದಿಗೂ ಟಿಬಿ ಇರುವುದಿಲ್ಲ. ಟಿಬಿ ಹೆಚ್ಚಿರುವ ನಾಡುಗಳಲ್ಲಿ ಅದೇ ಲೆಕ್ಕ ಎಪ್ಪತ್ತರವರೆಗೂ ಏರುತ್ತದೆ ಎಂದು ಯುರೋಪಿನ ಹೃದ್ರೋಗ ತಜ್ಞರ ಸಂಘ 2015ರ ತನ್ನ ಮಾರ್ಗಸೂಚಿಯಲ್ಲಿ ಬರೆದಿದೆ. ಹಾಗಾಗಿ ನಮ್ಮಲ್ಲಿ ಟಿಬಿಯನ್ನು ಮೊದಲು ನೆನೆಯುವುದು ವೈದ್ಯನ ವಿವೇಕವೇ. ಅದೇ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಟಿಬಿ ಹೆಚ್ಚಿರುವ ಕಡೆ ಕೀಟಾಣು ಕಣ್ಣಿಗೆ ಬೀಳದಿದ್ದರೂ ಟಿಬಿ ಔಷಧಿ ಶುರು ಮಾಡಬಹುದು ಎನ್ನುತ್ತದೆ. ಆದರೆ ಅದಕ್ಕೊಂದು ಷರತ್ತಿದೆ: ಬೇರೆ ಕಾರಣಗಳನ್ನು ಹುಡುಕಿ ತಳ್ಳಿಹಾಕಿದ ಮೇಲೆ. ಅನುಮತಿ ನಮ್ಮ ಬಾಯಲ್ಲಿ ಉಳಿದಿದೆ, ಷರತ್ತು ಉದುರಿಹೋಗಿದೆ.

ಚೀಲದ ವಿಷಯ ಸ್ವಲ್ಪ ಹೇಳಬೇಕು. ಹೃದಯವನ್ನು ಸುತ್ತಿಕೊಂಡ ಈ ಹೃದಯಾವರಣಕ್ಕೆ ಎರಡು ಪದರ. ಅವುಗಳ ನಡುವೆ ಆರೋಗ್ಯವಂತರಲ್ಲೂ 15ರಿಂದ 50 ಮಿಲಿಲೀಟರ್ ದ್ರವ ಇರುತ್ತದೆ. ಮಿಡಿಯುವ ಹೃದಯಕ್ಕೆ ಉಜ್ಜಾಟ ತಟ್ಟದಿರಲು ಸವರಿದ ಎಣ್ಣೆಯಂತೆ. ಹೊರಪದರ ಗಟ್ಟಿ. ಅದು ನಿಧಾನವಾಗಿ ಹಿಗ್ಗಬಲ್ಲದು, ಥಟ್ಟನೆ ಹಿಗ್ಗಲಾರದು. ತಿಂಗಳುಗಟ್ಟಲೆ ತೊಟ್ಟಿಕ್ಕಿ ಸೇರಿದರೆ ಒಂದು ಲೀಟರಿಗೂ ಮೀರಿದ ನೀರನ್ನು ಹೊತ್ತು ರೋಗಿ ಆಸ್ಪತ್ರೆಗೆ ನಡೆದೇ ಬರುತ್ತಾನೆ. ಅದೇ 200 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು ಕೀವು ಒಂದೆರಡು ದಿನದಲ್ಲಿ ತುಂಬಿಕೊಂಡರೆ, ಹೃದಯಕ್ಕೆ ಹಿಗ್ಗಿ ರಕ್ತ ತುಂಬಿಕೊಳ್ಳಲು ಜಾಗವೇ ಇಲ್ಲದಾಗಿ ಜೀವ ಹೋಗುತ್ತದೆ. ಹೃದಯ ಹೀಗೆ ಅದುಮಿಹೋಗುವುದಕ್ಕೆ ನಾವು ಟ್ಯಾಂಪೊನೇಡ್ ಎನ್ನುತ್ತೇವೆ.

ಟಿಬಿ ಬ್ಯಾಕ್ಟೀರಿಯಾ ಮೊದಲ ಬಗೆಯದು. ಎದೆಯ ನಡುವಿನ ದುಗ್ಧಗ್ರಂಥಿಗಳಿಂದ ನಿಧಾನವಾಗಿ ಜಿನುಗಿ ಬರುತ್ತದೆ. ಸಂಜೆಯ ಜ್ವರ, ಬೆವರು, ಸೊರಗುವಿಕೆ, ಏದುಸಿರು, ಕಾಲಿನ ಬಾವು, ಎಲ್ಲವೂ ವಾರಗಳ ಲೆಕ್ಕದಲ್ಲಿ. ಸ್ಟ್ಯಾಫಿಲೊಕಾಕಸ್, ನ್ಯೂಮೊಕಾಕಸ್‌ನಂಥವು ಎರಡನೆಯ ಬಗೆ. ಅವು ನ್ಯುಮೋನಿಯಾ ಆದ ಪಕ್ಕದ ಶ್ವಾಸಕೋಶದಿಂದ ನುಗ್ಗುತ್ತವೆ. ಇಲ್ಲವೇ ಎಲ್ಲೋ ಆದ ಹುಣ್ಣಿನಿಂದ ರಕ್ತದಲ್ಲಿ ತೇಲಿ ಬರುತ್ತವೆ. ಮಕ್ಕಳಲ್ಲಿ ಮೊಣಕಾಲ ಮೂಳೆಗೆ ತಗುಲಿದ ಸೋಂಕು ಹೃದಯದ ಚೀಲದಲ್ಲಿ ಕೀವಾಗಿ ಕಾಣಿಸಿಕೊಳ್ಳುವುದುಂಟು. ಪೆನಿಸಿಲಿನ್ ಬಂದ ಮೇಲೆ ಈ ಕೀವಿನ ರೋಗ ತೀರಾ ಕಡಿಮೆಯಾಯಿತು, ನಿಜ. ಕಡಿಮೆಯಾದದ್ದರಿಂದಲೇ ನಮ್ಮ ನೆನಪಿನಿಂದ ಜಾರಿತು. ಚಿಕಿತ್ಸೆ ಸಿಗದಿದ್ದರೆ ಬದುಕುವವರು ಇಲ್ಲವೇ ಇಲ್ಲ ಎನ್ನಬೇಕು. ಚಿಕಿತ್ಸೆ ಸಿಕ್ಕರೂ ನೂರರಲ್ಲಿ ನಲವತ್ತು ಮಂದಿ ಸಾಯುವಷ್ಟು ಕ್ರೂರ ಕಾಯಿಲೆ ಅದು.

ಪಠ್ಯಪುಸ್ತಕದಲ್ಲಿ ಇವೆರಡನ್ನೂ ಎರಡು ಕಂಬಸಾಲಿನಲ್ಲಿ ಬರೆದಿರುತ್ತಾರೆ, ಓದಲು ಹಿತ. ಹಾಸಿಗೆಯ ಮೇಲಿನ ರೋಗಿ ಯಾವ ಕಂಬಸಾಲಿಗೂ ಸೇರುವುದಿಲ್ಲ. ನಮ್ಮ ಬಳಿಗೆ ಬರುವಷ್ಟರಲ್ಲಿ ಮೂರು ಕಡೆ ತೋರಿಸಿ, ಮೂರು ಬಗೆಯ ಆಂಟಿಬಯೋಟಿಕ್ ನುಂಗಿರುತ್ತಾನೆ. ಅರೆಬರೆ ಔಷಧಿಯಿಂದ ಕೀವಿನ ಜ್ವರ ಮೆತ್ತಗಾಗಿ ಟಿಬಿಯ ವೇಷ ತೊಟ್ಟಿರುತ್ತದೆ. ಲಿವೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆ ಟಿಬಿ ಬ್ಯಾಕ್ಟೀರಿಯಾವನ್ನೂ ತಾತ್ಕಾಲಿಕವಾಗಿ ಅಡಗಿಸುವುದರಿಂದ, ನಿಜವಾದ ಟಿಬಿಯೂ ಮರೆಯಲ್ಲಿ ಕೂತಿರುತ್ತದೆ. ಎದೆನೋವು, ಸ್ಟೆತಾಸ್ಕೋಪಿಗೆ ಕೇಳುವ ಹೊಸ ಚಪ್ಪಲಿಯ ಕಿರುಗುಟ್ಟುವಿಕೆಯಂಥ ಸದ್ದು, ಇವು ಹೃದಯಾವರಣದ ಉರಿಯೂತಕ್ಕೆ ಪ್ರಸಿದ್ಧ ಲಕ್ಷಣಗಳು. ಕೀವು ತುಂಬಿದ ಎಷ್ಟೋ ರೋಗಿಗಳಲ್ಲಿ ಎರಡೂ ಇರುವುದಿಲ್ಲ. ಕಾಣುವುದು ಬರೀ ಜ್ವರ ಮತ್ತು ಕುಸಿತ. ಸಾಮಾನ್ಯ ವೈದ್ಯರ ಕಣ್ಣಿಗೆ ಇಷ್ಟು ತಪ್ಪಿಸಿಕೊಳ್ಳುವ ಗಂಭೀರ ರೋಗ ಇನ್ನೊಂದಿಲ್ಲವೇನೋ ಎಂದು ವಿಲಿಯಂ ಆಸ್ಲರ್ ಹೃದಯಾವರಣದ ಉರಿಯೂತದ ಬಗ್ಗೆ ತನ್ನ ಪಠ್ಯದಲ್ಲಿ ಬರೆದ. ಅವನ ಕಾಲದಲ್ಲಿ ಅದು ಶವಪರೀಕ್ಷೆಯ ಮೇಜಿನ ಮೇಲೆ ಬಯಲಾಗುತ್ತಿತ್ತು. ಈಗ ಎಕೋದಲ್ಲಿ ಬಯಲಾಗುತ್ತದೆ, ಅದೂ ಯಾರಾದರೂ ಎಕೋ ಮಾಡಿಸಲು ನೆನೆದರೆ.

ನೆನೆಯುವಂತೆ ಮಾಡುವ ಉಪಾಯವೊಂದಿದೆ. ಅದಕ್ಕೆ ಬೇಕಾದ್ದು ಕೈಯಲ್ಲಿ ಒತ್ತುವ ಹಳೆಯ ಬಿಪಿ ಉಪಕರಣ ಮತ್ತು ಎರಡು ನಿಮಿಷ. ಪಟ್ಟಿಗೆ ಗಾಳಿ ತುಂಬಿ, ಮಾಮೂಲಿಗಿಂತ ಬಹಳ ನಿಧಾನವಾಗಿ ಇಳಿಸಬೇಕು. ಒಂದು ಹಂತದಲ್ಲಿ ಟಪ್ ಸದ್ದು ಕೇಳತೊಡಗುತ್ತದೆ, ಆದರೆ ರೋಗಿ ಉಸಿರು ಬಿಟ್ಟಾಗ ಮಾತ್ರ. ಉಸಿರು ಎಳೆದುಕೊಂಡಾಗ ಮಾಯ. ಆ ಅಂಕಿಯನ್ನು ಗುರುತು ಮಾಡಿಕೊಂಡು ಇನ್ನೂ ಇಳಿಸುತ್ತ ಹೋದರೆ, ಉಸಿರಿನ ಹಂಗಿಲ್ಲದೆ ಪ್ರತಿ ಬಡಿತವೂ ಕೇಳುವ ಹಂತ ಬರುತ್ತದೆ. ಎರಡು ಅಂಕಿಗಳ ನಡುವಿನ ಅಂತರ 10ಕ್ಕಿಂತ ಹೆಚ್ಚಿದ್ದರೆ ಹೃದಯ ಅದುಮಿಹೋಗುತ್ತಿದೆಯೇ ಎಂದು ಶಂಕಿಸಬೇಕು. ಜರ್ಮನಿಯ ಅಡಾಲ್ಫ್ ಕುಸ್‌ಮಾಲ್ 1873ರಲ್ಲಿ ಇದನ್ನು ವಿರೋಧಾಭಾಸದ ನಾಡಿ ಎಂದು ಕರೆದ. ಎದೆಯಲ್ಲಿ ಹೃದಯ ಬಡಿಯುತ್ತಿದ್ದರೂ ಮಣಿಕಟ್ಟಿನಲ್ಲಿ ನಾಡಿ ಉಸಿರಿನೊಂದಿಗೆ ಕಳೆದುಹೋಗುತ್ತಿದ್ದುದು ಅವನಿಗೆ ಒಗಟಾಗಿತ್ತು. ಜೊತೆಗೆ ಉಬ್ಬಿದ ಕೊರಳ ರಕ್ತನಾಳ, ಇಳಿದ ರಕ್ತದೊತ್ತಡ, ದೂರದಿಂದ ಕೇಳಿದಂತಹ ಎದೆಬಡಿತ, ಈ ಮೂರನ್ನು ಅಮೆರಿಕದ ಶಸ್ತ್ರವೈದ್ಯ ಕ್ಲಾಡ್ ಬೆಕ್ 1935ರಲ್ಲಿ ಒಟ್ಟುಗೂಡಿಸಿದ. ಗುಂಡಿ ಒತ್ತಿದರೆ ತಾನೇ ಅಳೆಯುವ ಇಂದಿನ ಬಿಪಿ ಯಂತ್ರ ಕುಸ್‌ಮಾಲ್‌ನ ಲಕ್ಷಣವನ್ನು ತೋರಿಸುವುದಿಲ್ಲ. ವಾರ್ಡುಗಳಿಂದ ಹಳೆಯ ಉಪಕರಣಗಳು ಒಂದೊಂದಾಗಿ ಮೂಲೆ ಸೇರುತ್ತಿರುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎಕ್ಸ್‌ರೇಯಲ್ಲಿ ಹೃದಯ ಹೂಜಿಯ ಆಕಾರಕ್ಕೆ ಉಬ್ಬಿದ್ದು ಕಾಣಬೇಕಾದರೆ ಕಾಲು ಲೀಟರಿನಷ್ಟಾದರೂ ದ್ರವ ಸೇರಿರಬೇಕು. ಎಕೋ ಅದಕ್ಕಿಂತ ಎಷ್ಟೋ ಮೊದಲೇ ಹಿಡಿಯುತ್ತದೆ. 1965ರಲ್ಲಿ ಹಾರ್ವೆ ಫೀಗನ್‌ಬಾಮ್ ಅದನ್ನು ತೋರಿಸಿಕೊಟ್ಟಾಗಿನಿಂದ ಈ ಪ್ರಶ್ನೆ ಸುಲಭವಾಗಿದೆ. ಆದರೆ ನೀರು ಇದೆ ಎನ್ನುವುದು ರೋಗದ ಹೆಸರಲ್ಲ. ಒಳಗಿರುವುದು ಟಿಬಿಯ ನೀರೋ, ಕೀವೋ, ಕ್ಯಾನ್ಸರೋ, ಥೈರಾಯ್ಡ್ ಕೊರತೆಯದೋ, ಕಿಡ್ನಿ ಸೋತದ್ದರಿಂದ ಬಂದದ್ದೋ ಎಂದು ಎಕೋ ಹೇಳಲಾರದು. ಎಳೆಎಳೆಯಾಗಿ ನಾರು ತೇಲುತ್ತಿದ್ದರೆ ಸೋಂಕಿನ ಸುಳಿವು ಕೊಟ್ಟೀತು, ಅಷ್ಟೆ. ಉತ್ತರ ಇರುವುದು ಆ ನೀರಿನಲ್ಲಿ.

ಸೂಜಿ ಹಾಕಿ ತೆಗೆಯುವ ಮಾತು ಬಂದರೆ ಮನೆಯವರ ಎದೆ ಝಲ್ಲೆನ್ನುತ್ತದೆ. ವೈದ್ಯರದೂ ಎನ್ನುತ್ತದೆ, ಹೇಳಿಕೊಳ್ಳುವುದಿಲ್ಲ. ವಿಯೆನ್ನಾದಲ್ಲಿ ಫ್ರಾನ್ಸ್ ಶೂಹ್ 1840ರಲ್ಲಿ ಮೊದಲ ಸಲ ಹೃದಯದ ಚೀಲಕ್ಕೆ ಸೂಜಿ ಇಳಿಸಿದಾಗ ಒಳಗೇನಿದೆ ಎಂದು ನೋಡುವ ದಾರಿಯೇ ಇರಲಿಲ್ಲ. ಅದಾದ ಮೇಲೂ ನೂರಕ್ಕೂ ಹೆಚ್ಚು ವರ್ಷ ಅದು ಕತ್ತಲಲ್ಲಿ ಕೈಯಾಡಿಸುವ ಕೆಲಸವೇ ಆಗಿತ್ತು. ಹೃದಯದ ಗೋಡೆಗೆ, ರಕ್ತನಾಳಕ್ಕೆ ಸೂಜಿ ತಾಗಿ ಸತ್ತವರಿದ್ದಾರೆ. ಆ ಹೆದರಿಕೆ ಗುರುವಿನಿಂದ ಶಿಷ್ಯನಿಗೆ ಹರಿದು ಬಂದಿದೆ. ಆದರೆ ಈಗ ಎಕೋ ನೋಡುತ್ತಲೇ, ನೀರು ಎಲ್ಲಿ ಹೆಚ್ಚು ಆಳವಿದೆಯೋ ಅಲ್ಲಿಗೆ ಸೂಜಿ ಇಳಿಸುತ್ತೇವೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 1979ರಿಂದ 21 ವರ್ಷಗಳಲ್ಲಿ ಹೀಗೆ ಮಾಡಿದ 1,127 ಸಲದ ಲೆಕ್ಕ ಕೊಟ್ಟಿದ್ದಾರೆ: ನೂರಕ್ಕೆ 97 ಸಲ ಕೆಲಸ ಕೈಗೂಡಿತ್ತು, ದೊಡ್ಡ ತೊಂದರೆ ಆದದ್ದು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಅವರ ಕೈ ಪಳಗಿದ ಕೈ, ಎಲ್ಲೆಡೆ ಇದೇ ಲೆಕ್ಕ ಬರುವುದಿಲ್ಲ. ಆದರೂ ಹಳೆಯ ಹೆದರಿಕೆಯನ್ನು ಹಳೆಯ ತೂಕದಲ್ಲೇ ಹೊತ್ತುಕೊಂಡಿರಲು ಕಾರಣವಿಲ್ಲ.

ಎಲ್ಲರಿಗೂ ಸೂಜಿ ಹಾಕಿ ಎಂದು ನಾನು ಹೇಳುತ್ತಿಲ್ಲ. ವೈರಸ್ ಜ್ವರದ ಜೊತೆ ಬರುವ ತೆಳುವಾದ ನೀರು ತಾನಾಗಿಯೇ ಆರಿಹೋಗುತ್ತದೆ, ಅದನ್ನು ಮುಟ್ಟುವುದೇ ತಪ್ಪು. ನೀರು ಹೆಚ್ಚಿದ್ದು ಸೋಂಕಿನ ಶಂಕೆಯಿದ್ದರೆ, ಹೃದಯ ಅದುಮಿದ್ದರೆ, ಆಗ ಹಿಂಜರಿಯಬಾರದು. ಅಂಥ ರೋಗಿಗೆ ಸೂಜಿ ಒಂದೇ ಹೊತ್ತಿನಲ್ಲಿ ಎರಡು ಕೆಲಸ ಮಾಡುತ್ತದೆ: ಪ್ರಾಣ ಉಳಿಸುತ್ತದೆ, ರೋಗವನ್ನೂ ಹೇಳುತ್ತದೆ. ನಮ್ಮಲ್ಲಿ ಮೊದಲ ಕೆಲಸ ಚೆನ್ನಾಗಿಯೇ ನಡೆಯುತ್ತಿದೆ. ಎರಡನೆಯದು ಹಾಳಾಗುವುದು ನೀರು ತೆಗೆದ ಮೇಲೆ.

ನಡುರಾತ್ರಿ ಎಂದಿಟ್ಟುಕೊಳ್ಳಿ. ಎದೆಮೂಳೆಯ ತುದಿಯ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗಿದೆ. ಸೂಜಿ ಎಡಭುಜದ ದಿಕ್ಕಿಗೆ ಮೆಲ್ಲಗೆ ಸಾಗಿ, ಬಿಗಿದ ಚರ್ಮವನ್ನು ಚುಚ್ಚಿದಂತೆ ಸಣ್ಣ ಒತ್ತು ಕೈಗೆ ತಿಳಿದು, ಸಿರಿಂಜಿಗೆ ದ್ರವ ಬರುತ್ತದೆ. ಕಾಫಿ ಡಿಕಾಕ್ಷನ್‌ನಂಥ ಕೆಂಪು. ಎಲ್ಲರಿಗೂ ಒಂದು ಕ್ಷಣ ಉಸಿರು ನಿಲ್ಲುತ್ತದೆ: ಹೃದಯದ ಒಳಕೋಣೆಗೇ ಹೋಯಿತೇ? ತುಸು ಗಾಜಿನ ನಳಿಕೆಗೆ ಬಿಟ್ಟು ಕಾಯುತ್ತೇವೆ. ಹೆಪ್ಪುಗಟ್ಟುವುದಿಲ್ಲ. ಚೀಲದ ನೀರೇ, ಟಿಬಿಯಲ್ಲಿ ಬಹಳ ಸಲ ಹೀಗೆ ರಕ್ತ ಬೆರೆತೇ ಇರುತ್ತದೆ. ಮುನ್ನೂರು, ನಾನೂರು ಮಿಲಿಲೀಟರ್ ಹೊರಬರುವಷ್ಟರಲ್ಲಿ, ಇಷ್ಟು ಹೊತ್ತು ಕೂತೇ ಉಸಿರಾಡುತ್ತಿದ್ದ ರೋಗಿ ತಲೆದಿಂಬಿಗೆ ಒರಗುತ್ತಾನೆ. ಬಿಪಿ ಏರುತ್ತದೆ. ಕೋಣೆಯಲ್ಲಿದ್ದವರೆಲ್ಲ ನಗುತ್ತಾರೆ. ಆಗ ಪಕ್ಕದ ಬಾಟಲಿಯಲ್ಲಿರುವ ಅರ್ಧ ಲೀಟರ್ ದ್ರವ ಯಾರಿಗೂ ಬೇಡವಾಗಿರುತ್ತದೆ. ಒಂದು ಚಿಕ್ಕ ನಳಿಕೆಯಲ್ಲಿ ಐದು ಮಿಲಿಲೀಟರ್ ತುಂಬಿ, ಚೀಟಿಯ ಮೇಲೆ ಎಡಿಎ (ಟಿಬಿಯ ಸುಳಿವು ಕೊಡುವ ಕಿಣ್ವದ ಪರೀಕ್ಷೆ) ಎಂದು ಬರೆದು ಕಳಿಸುತ್ತಾರೆ. ಉಳಿದದ್ದು ಸಿಂಕಿಗೆ.

ಆ ಸಿಂಕಿಗೆ ಹೋದದ್ದೇ ರೋಗನಿರ್ಣಯ. ಅದರಲ್ಲಿ ಒಂದು ಪಾಲನ್ನು ಹಾಸಿಗೆಯ ಪಕ್ಕದಲ್ಲೇ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ರಕ್ತದ ಕಲ್ಚರ್ ಬಾಟಲಿಗಳಿಗೆ ಹಾಕಬೇಕಿತ್ತು. ಒಂದು ಪಾಲು ಗ್ರಾಂ ಬಣ್ಣದ ಪರೀಕ್ಷೆಗೆ. ಅರ್ಧ ಗಂಟೆಯಲ್ಲಿ, ಹೆಚ್ಚು ಖರ್ಚಿಲ್ಲದೆ, ಕೀವಿನ ಬ್ಯಾಕ್ಟೀರಿಯಾ ಕಂಡುಬಿಡಬಹುದಾದ ಪರೀಕ್ಷೆ ಅದು. ಒಂದು ಪಾಲು ಬಿಳಿರಕ್ತಕಣಗಳ ಎಣಿಕೆಗೆ, ಸಕ್ಕರೆ ಮತ್ತು ಪ್ರೋಟೀನಿಗೆ. ಕೀವಿನ ಸೋಂಕಿನಲ್ಲಿ ನ್ಯೂಟ್ರೊಫಿಲ್ ಕಣಗಳದೇ ದರ್ಬಾರು. ದ್ರವದ ಸಕ್ಕರೆ ರಕ್ತದ ಸಕ್ಕರೆಯ ಮೂರನೇ ಒಂದು ಭಾಗದ ಆಸುಪಾಸಿಗೆ ಕುಸಿದಿರುತ್ತದೆ. ಅದಕ್ಕಾಗಿ ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆಯನ್ನೂ ನೋಡಿರಬೇಕು, ಇದನ್ನು ಮರೆಯುವವರೇ ಹೆಚ್ಚು. ಟಿಬಿಯಲ್ಲಿ ಲಿಂಫೊಸೈಟ್‌ಗಳು ಮೇಲುಗೈ, ಆದರೂ ಮೊದಮೊದಲ ದಿನಗಳಲ್ಲಿ ಅಲ್ಲೂ ನ್ಯೂಟ್ರೊಫಿಲ್ ಹೆಚ್ಚಿರಬಹುದು. ಒಂದು ಪಾಲು ಟಿಬಿ ಬ್ಯಾಕ್ಟೀರಿಯಾದ ಜೀನ್ ಹುಡುಕುವ ಸಿಬಿನಾಟ್ ಇಲ್ಲವೇ ಟ್ರೂನಾಟ್‌ಗೆ, ಒಂದು ಪಾಲು ಟಿಬಿ ಕಲ್ಚರಿಗೆ, ಒಂದು ಪಾಲು ಕ್ಯಾನ್ಸರ್ ಕಣ ಹುಡುಕಲು. ಇಷ್ಟಕ್ಕೂ ಅರ್ಧ ಲೀಟರ್ ದ್ರವ ಧಾರಾಳ ಸಾಕು. ಮುಖ್ಯವಾಗಿ, ಇವೆಲ್ಲ ಹೊಸ ಆಂಟಿಬಯೋಟಿಕ್ ಕೊಡುವ ಮೊದಲು ಆಗಬೇಕು. ರೋಗಿ ಕುಸಿಯುತ್ತಿದ್ದರೆ ಔಷಧಿ ತಡೆಯಬಾರದು, ಸರಿ. ಆದರೆ ಸೂಜಿ ಹಾಕಿದ ಹೊತ್ತಿಗೂ ಔಷಧಿಯ ಹೊತ್ತಿಗೂ ನಡುವೆ ಬಾಟಲಿ ತುಂಬಲು ಐದು ನಿಮಿಷ ಎಲ್ಲ ಆಸ್ಪತ್ರೆಯಲ್ಲೂ ಇರುತ್ತದೆ.

ಎಡಿಎ ಪರೀಕ್ಷೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಲಿಂಫೊಸೈಟ್‌ಗಳು ಚುರುಕಾದಾಗ ಹೆಚ್ಚುವ ಕಿಣ್ವ ಅದು. ಲೀಟರಿಗೆ 40 ಯೂನಿಟ್ ದಾಟಿದರೆ ಟಿಬಿಯ ಸಾಧ್ಯತೆ ಬಲವಾಗುತ್ತದೆ. ಟಿಬಿ ಇರುವ ಹತ್ತರಲ್ಲಿ ಎಂಟೊಂಬತ್ತು ಮಂದಿಯನ್ನು ಅದು ಹಿಡಿಯುತ್ತದೆ. ಸಿಬಿನಾಟ್‌ನದು ಬೇರೆ ಗುಣ. ಎರಡು ಗಂಟೆಯೊಳಗೆ ಉತ್ತರ ಕೊಡುತ್ತದೆ, ಇದೆ ಎಂದರೆ ನಂಬಬಹುದು, ಟಿಬಿ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗುವ ತಳಿಯೋ ಅಲ್ಲವೋ ಎಂದೂ ಹೇಳುತ್ತದೆ. ಆದರೆ ಈ ದ್ರವದಲ್ಲಿ ಬ್ಯಾಕ್ಟೀರಿಯಾ ವಿರಳ. 2014ರಲ್ಲಿ ಪ್ರಕಟವಾದ ಕೇಪ್‌ಟೌನ್‌ನ ಅಧ್ಯಯನದಲ್ಲಿ ಅದು ಹಿಡಿದದ್ದು ಮೂವರಲ್ಲಿ ಸುಮಾರು ಇಬ್ಬರನ್ನು. ಹಾಗಾಗಿ ಸಿಬಿನಾಟ್ ಇಲ್ಲ ಎಂದರೆ ಟಿಬಿ ಇಲ್ಲ ಎಂದಲ್ಲ, ಎಡಿಎ ಏರಿದೆ ಎಂದರೆ ಟಿಬಿ ಇದೆ ಎಂದೂ ಅಲ್ಲ. ಕೀವಿನಲ್ಲೂ ಎಡಿಎ ಏರುತ್ತದೆ. ಲಿಂಫೋಮಾ ಎಂಬ ಕ್ಯಾನ್ಸರಿನಲ್ಲೂ ಏರುತ್ತದೆ. ಎಡಿಎಯನ್ನು ಕಣಗಳ ಎಣಿಕೆಯ ಜೊತೆಗೆ ಇಟ್ಟು ಓದಿದರೆ ಅದು ಸಾಕ್ಷಿ. ಒಂಟಿಯಾಗಿ ಓದಿದರೆ ಗಾಳಿಮಾತು.

ನಾನು ಎಡವಿದ್ದು ಇಲ್ಲೇ. ಕರಾವಳಿಯ ರೈತ, ಐವತ್ತರ ಆಸುಪಾಸು, ಹತ್ತು ವರ್ಷದ ಸಕ್ಕರೆ ಕಾಯಿಲೆ. ಮಳೆಗಾಲ, ನಾಟಿ ಮುಗಿದಿತ್ತು. ಮೂರು ವಾರದ ಜ್ವರ, ಸೊರಗಿದ ಮೈ. ಬೇರೆ ಊರಿನಲ್ಲಿ ನೀರು ತೆಗೆದು ಕಳಿಸಿದ್ದರು. ಕೈಯಲ್ಲಿದ್ದ ಕಾಗದದಲ್ಲಿ ಇದ್ದದ್ದು ಒಂದೇ ಅಂಕಿ, ಎಡಿಎ, ನಲವತ್ತರ ಮೇಲೆ. ಟಿಬಿ ಮಾತ್ರೆ, ಜೊತೆಗೆ ಸ್ಟೆರಾಯ್ಡ್ ಶುರುವಾಗಿತ್ತು. ಕಾಗದ ನೋಡಿ ನಾನೂ ತಲೆಯಾಡಿಸಿದೆ, ಮುಂದುವರಿಸಿ ಎಂದೆ. ಎರಡು ದಿನ ಜ್ವರ ಇಳಿಯಿತು, ಅವನ ಹೆಂಡತಿ ಕೈಮುಗಿದಳು. ಮೂರನೆಯ ವಾರ ಅವನನ್ನು ಸ್ಟ್ರೆಚರ್ ಮೇಲೆ ತಂದರು. ಮತ್ತೆ ನೀರು ತೆಗೆದಾಗ ಅದು ನೀರಾಗಿರಲಿಲ್ಲ, ಹಳದಿ ಕೀವು. ಕಲ್ಚರಿನಲ್ಲಿ ಎರಡನೇ ದಿನಕ್ಕೆ ಬೆಳೆದದ್ದು ಬರ್ಕೋಲ್ಡೇರಿಯಾ ಸ್ಯೂಡೋಮಲ್ಲಿಯೈ. ಮೆಲಿಯಾಯ್ಡೋಸಿಸ್.

ಈ ಹೆಸರನ್ನು ಕನ್ನಡನಾಡಿನ ಓದುಗರು ತಿಳಿದಿರಬೇಕು. 1911ರ ಸುಮಾರಿಗೆ ರಂಗೂನಿನಲ್ಲಿ ಆಲ್ಫ್ರೆಡ್ ವಿಟ್‌ಮೋರ್ ಮತ್ತು ಅವನ ಸಹಾಯಕ ಕೃಷ್ಣಸ್ವಾಮಿ ಮೊದಲು ಗುರುತಿಸಿದ ಈ ಬ್ಯಾಕ್ಟೀರಿಯಾ ಬದುಕುವುದು ಕೆಸರಿನಲ್ಲಿ, ಗದ್ದೆಯ ನೀರಿನಲ್ಲಿ. ಬರಿಗಾಲಿನಲ್ಲಿ ದುಡಿಯುವವರನ್ನು, ಅದರಲ್ಲೂ ಸಕ್ಕರೆ ಕಾಯಿಲೆಯವರನ್ನು, ಮಳೆಗಾಲದಲ್ಲಿ ಹಿಡಿಯುತ್ತದೆ. ಉಡುಪಿ, ದಕ್ಷಿಣ ಕನ್ನಡದ ಕಡೆ ಇದು ಅಪರೂಪವಲ್ಲ ಎಂದು ಮಣಿಪಾಲದ ವೈದ್ಯರು ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ. ಶ್ವಾಸಕೋಶ, ಯಕೃತ್ತು, ಗುಲ್ಮ, ಮೂಳೆ, ಎಲ್ಲಿ ಬೇಕಾದರೂ ಕೀವುಗೂಡು ಕಟ್ಟುತ್ತದೆ, ಟಿಬಿಯ ಹಾಗೆಯೇ ತಿಂಗಳುಗಟ್ಟಲೆ ಕಾಯುತ್ತದೆ. ಹೃದಯದ ಚೀಲಕ್ಕೆ ತಗುಲಿದ ಮೆಲಿಯಾಯ್ಡೋಸಿಸ್ ಟಿಬಿಯಂತೆಯೇ ಕಂಡು ವೈದ್ಯರನ್ನು ದಾರಿತಪ್ಪಿಸಿದ ಪ್ರಕರಣಗಳನ್ನು ಥಾಯ್ಲೆಂಡಿನ ವೈದ್ಯರು 2010ರಲ್ಲೇ ಪ್ರಕಟಿಸಿದ್ದರು. ಟಿಬಿ ಮಾತ್ರೆ ಇದನ್ನು ಗುಣಪಡಿಸುವುದಿಲ್ಲ. ಸೆಫ್ಟಾಜಿಡೈಮ್ ಇಲ್ಲವೇ ಮೆರೋಪೆನೆಮ್ ಎರಡು ವಾರಕ್ಕೆ ಕಡಿಮೆಯಿಲ್ಲದಂತೆ ರಕ್ತನಾಳಕ್ಕೆ ಕೊಟ್ಟು, ಮುಂದೆ ಮೂರು ತಿಂಗಳಾದರೂ ಕೋಟ್ರೈಮಾಕ್ಸಜೋಲ್ ನುಂಗಿಸಬೇಕು. ಸ್ಟೆರಾಯ್ಡ್ ಕೊಟ್ಟರೆ ಬೆಂಕಿಗೆ ಸೀಮೆಎಣ್ಣೆ. ಪ್ರಯೋಗಾಲಯದಲ್ಲೂ ಇದು ಸುಲಭವಾಗಿ ಸ್ಯೂಡೋಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಎಂದೋ, ಹೊರಗಿನ ಕೊಳೆ ಸೇರಿದೆ ಎಂದೋ ಪಕ್ಕಕ್ಕೆ ಸರಿದುಹೋಗುತ್ತದೆ. ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಜಗ್ಗದೆ, ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುವ ಬ್ಯಾಕ್ಟೀರಿಯಾ ಕಂಡರೆ ನಿಲ್ಲಿ ಎಂದು ಟೆಕ್ನೀಶಿಯನ್‌ಗೆ ಹೇಳಿಕೊಟ್ಟರೆ ಸಾಕು, ಔಷಧಿ ಸವರಿದ ಮೂರು ಅಗ್ಗದ ಬಿಲ್ಲೆಗಳಲ್ಲಿ ಶಂಕೆ ಹುಟ್ಟುತ್ತದೆ.

ಆ ರೈತ ಉಳಿದ. ಅವನ ಹೆಂಡತಿ ಮತ್ತೆ ಕೈಮುಗಿದಾಗ ಅದನ್ನು ತೆಗೆದುಕೊಳ್ಳಲು ನನಗೆ ಕಷ್ಟವಾಯಿತು.

ಅವನ ಎರಡು ದಿನದ ಸುಧಾರಣೆ ನನ್ನನ್ನು ಈಗಲೂ ಕಾಡುತ್ತದೆ, ಏಕೆಂದರೆ ನಮ್ಮ ವಾದವೆಲ್ಲ ನಿಂತಿರುವುದು ಅಂಥ ಸುಧಾರಣೆಯ ಮೇಲೆ. "ಟಿಬಿ ಮಾತ್ರೆ ಕೊಟ್ಟು ನೋಡೋಣ, ಹುಷಾರಾದರೆ ಟಿಬಿ" ಎನ್ನುತ್ತೇವೆ. ಈ ತರ್ಕ ಮೇಲುನೋಟಕ್ಕೆ ಗಟ್ಟಿ, ಒಳಗೆ ಟೊಳ್ಳು. ವೈರಸ್‌ನಿಂದ ಬಂದ ನೀರು ಏನೂ ಕೊಡದಿದ್ದರೂ ಇಳಿಯುತ್ತದೆ. ಸೂಜಿ ಹಾಕಿ ಖಾಲಿ ಮಾಡಿದ್ದರಿಂದಲೇ ರೋಗಿ ಅರ್ಧ ಹುಷಾರಾಗಿರುತ್ತಾನೆ. ಜೊತೆಗೆ ಕೊಟ್ಟ ಸ್ಟೆರಾಯ್ಡ್ ಯಾವ ಜ್ವರವನ್ನಾದರೂ ಕೆಲವು ದಿನ ಇಳಿಸುತ್ತದೆ, ಲಿಂಫೋಮಾವನ್ನೂ ಕುಗ್ಗಿಸುತ್ತದೆ. ಟಿಬಿ ಮಾತ್ರೆಯೊಳಗಿನ ರಿಫಾಂಪಿಸಿನ್ ಟಿಬಿಯನ್ನಷ್ಟೇ ಕೊಲ್ಲುವ ಔಷಧಿಯಲ್ಲ. ಸ್ಟ್ಯಾಫಿಲೊಕಾಕಸ್‌ಗೂ ಅದು ಬಲವಾದ ಪೆಟ್ಟು. ಒಂಟಿಯಾಗಿ ಸಿಕ್ಕಿದರೆ ಆ ಬ್ಯಾಕ್ಟೀರಿಯಾ ಬೇಗನೆ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ಮೊದಲು ಕೆಲವು ದಿನ ಜ್ವರ ಇಳಿದೀತು. ಇಷ್ಟು ಬಾಗಿಲುಗಳಿಂದ ಸುಧಾರಣೆ ಒಳಬರಬಹುದಾದಾಗ, ಬಂದದ್ದು ಟಿಬಿ ಬಾಗಿಲಿನಿಂದಲೇ ಎಂದು ಹೇಗೆ ಹೇಳುವುದು?

ಸ್ಟೆರಾಯ್ಡ್ ವಿಷಯದಲ್ಲಿ ಒಬ್ಬರನ್ನು ನೆನೆಯಬೇಕು. ದಕ್ಷಿಣ ಆಫ್ರಿಕಾದ ಬೊಂಗಾನಿ ಮಾಯೋಸಿ ಕೇಪ್‌ಟೌನ್ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ. ಹೃದಯದ ಚೀಲದ ಟಿಬಿ ಎಂಬ ಬಡವರ ಈ ಹೃದ್ರೋಗವನ್ನು ಇಷ್ಟು ಶ್ರದ್ಧೆಯಿಂದ ಅಧ್ಯಯನ ಮಾಡಿದವರು ವಿರಳ. ಆಫ್ರಿಕಾದ ಎಂಟು ದೇಶಗಳ 1,400 ರೋಗಿಗಳ ಮೇಲೆ ಅವರ ತಂಡ ನಡೆಸಿದ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ಸಾವು, ಮತ್ತೆ ಟ್ಯಾಂಪೊನೇಡ್, ಚೀಲ ಗಟ್ಟಿಯಾಗಿ ಹೃದಯವನ್ನು ಬಿಗಿಯುವುದು, ಮೂರನ್ನೂ ಕೂಡಿಸಿ ನೋಡಿದರೆ ಸ್ಟೆರಾಯ್ಡ್ ಆದ ಪ್ರೆಡ್ನಿಸೊಲೋನ್‌ನಿಂದ ಪ್ರಯೋಜನವಿಲ್ಲ. ಬಿಗಿಯುವಿಕೆಯೊಂದನ್ನೇ ನೋಡಿದರೆ 100ರಲ್ಲಿ ಸುಮಾರು 8ರಿಂದ 4ಕ್ಕೆ ಇಳಿದಿತ್ತು. ಎಚ್‌ಐವಿ ಇದ್ದು ಅದನ್ನು ಪಡೆದವರಲ್ಲಿ ಕ್ಯಾನ್ಸರ್ ಹೆಚ್ಚಿತ್ತು. ಅಂದರೆ ಸ್ಟೆರಾಯ್ಡ್ ಯಾರಿಗೆ ಕೊಡಬೇಕು ಎನ್ನುವುದು ಲೆಕ್ಕ ಹಾಕಿ ತೀರ್ಮಾನಿಸಬೇಕಾದದ್ದು. ಟಿಬಿಯೇ ಎಂದು ಗೊತ್ತಾಗುವ ಮುಂಚೆ ಹಂಚುವಂಥದ್ದಲ್ಲ. ಮಾಯೋಸಿ 2018ರಲ್ಲಿ, ಇನ್ನೂ ಐವತ್ತೊಂದರ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ದೇಶದ ರೋಗಿಗಳಿಗೂ ಅವರ ಋಣವಿದೆ.

ಇಷ್ಟು ಕೇಳಿ ತಾಲ್ಲೂಕು ಆಸ್ಪತ್ರೆಯ ವೈದ್ಯರು ನನ್ನನ್ನು ಕೇಳುತ್ತಾರೆ: "ಸಾರ್, ನಮ್ಮಲ್ಲಿ ಎಕೋ ಮಾಡುವವರೇ ವಾರಕ್ಕೊಮ್ಮೆ ಬರುತ್ತಾರೆ. ಕಲ್ಚರ್ ಬಾಟಲಿ ಇಲ್ಲ. ರೋಗಿ ಬೆಂಗಳೂರಿಗೆ ಹೋಗಲಾರ. ಟಿಬಿ ಮಾತ್ರೆ ಪುಕ್ಕಟೆ ಇದೆ. ಏನು ಮಾಡಲಿ?" ಇದು ನಿಜವಾದ ಪ್ರಶ್ನೆ. ರೋಗಿ ಸ್ಥಿರವಾಗಿದ್ದರೆ ನೀರು ತೆಗೆಯುವ ಆಸ್ಪತ್ರೆಗೆ ಕಳಿಸಿ, ಮಾತ್ರೆಯನ್ನು ಎರಡು ದಿನ ತಡೆಯಿರಿ. ಟಿಬಿಯಲ್ಲಿ ಎರಡು ದಿನ ದೊಡ್ಡದಲ್ಲ. ರೋಗಿ ಕುಸಿಯುತ್ತಿದ್ದರೆ, ಬಾಟಲಿ ಸಿಕ್ಕರೆ ರಕ್ತವನ್ನಾದರೂ ಕಲ್ಚರಿಗೆ ತೆಗೆದು, ಕೀವಿನ ಬ್ಯಾಕ್ಟೀರಿಯಾಕ್ಕೆ ಔಷಧಿ ಶುರುಮಾಡಿ, ಆಂಬುಲೆನ್ಸ್ ಹತ್ತಿಸಿ. ಕೊರಳಲ್ಲಿ ಗಂಟು ಇದ್ದರೆ ಅದರಿಂದಲೇ ಸೂಜಿಮಾದರಿ ತೆಗೆಯಿರಿ, ಹೃದಯ ಮುಟ್ಟದೆಯೂ ಟಿಬಿ ಸಿಗಬಹುದು. ಕಫವಿದ್ದರೆ ಕಳಿಸಿ. ಎಚ್‌ಐವಿ ನೋಡಿ. ಇದರಲ್ಲಿ ದೊಡ್ಡ ಯಂತ್ರ ಬೇಡುವಂಥದ್ದು ಕಡಿಮೆ. ಕಲ್ಚರ್ ಬಾಟಲಿ ತಾಲ್ಲೂಕಿಗೆ ತಲುಪಿಸುವುದು ಸರ್ಕಾರದ ಕೆಲಸ. ಪುಕ್ಕಟೆ ಮಾತ್ರೆ ಹಳ್ಳಿಹಳ್ಳಿಗೆ ತಲುಪಿಸಿದ ವ್ಯವಸ್ಥೆಗೆ ಅದು ಮೀರಿದ್ದೇನಲ್ಲ.

ಖಚಿತತೆಯ ಹಸಿವೂ ಅಪಾಯವೇ, ಅದನ್ನೂ ಹೇಳಬೇಕು. ರಕ್ತದಲ್ಲಿ ಪ್ರತಿಕಾಯ ನೋಡಿ ಟಿಬಿ ಹೇಳುತ್ತೇವೆ ಎಂಬ ಪರೀಕ್ಷೆಗಳು ನಮ್ಮಲ್ಲಿ ವರ್ಷಗಟ್ಟಲೆ ಮಾರಾಟವಾದವು. ಅವುಗಳಿಂದ ಏನೂ ತಿಳಿಯುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು, ಭಾರತ ಸರ್ಕಾರ 2012ರಲ್ಲಿ ನಿಷೇಧಿಸಿತು. ತೋಳಿನ ಚರ್ಮದ ಮಾಂಟೂ ಪರೀಕ್ಷೆಯೂ ನಮ್ಮ ವಯಸ್ಕರಲ್ಲಿ ಹೆಚ್ಚೇನೂ ಹೇಳುವುದಿಲ್ಲ. ನಮ್ಮಲ್ಲಿ ಬಹಳ ಮಂದಿಗೆ ಟಿಬಿ ಬ್ಯಾಕ್ಟೀರಿಯಾ ಎಂದೋ ಸೋಕಿಹೋಗಿರುತ್ತದೆ. ಎಲ್ಲ ಪರೀಕ್ಷೆ ಸರಿಯಾಗಿ ಮಾಡಿದರೂ ಕೆಲವರಲ್ಲಿ ಬ್ಯಾಕ್ಟೀರಿಯಾ ಸಿಗುವುದೇ ಇಲ್ಲ. ಲಿಂಫೊಸೈಟ್ ತುಂಬಿದ ದ್ರವ, ಏರಿದ ಎಡಿಎ, ಬೆಳೆಯದ ಕೀವಿನ ಕಲ್ಚರ್, ಕ್ಯಾನ್ಸರ್ ಕಣಗಳಿಲ್ಲ. ಅಲ್ಲಿ ಟಿಬಿ ಮಾತ್ರೆ ಶುರು ಮಾಡುವುದೇ ಸರಿ, ಆರು ತಿಂಗಳು ಬಿಡದೆ ಕೊಡುವುದೇ ಸರಿ. ಅದು ಹುಡುಕಿ ತಲುಪಿದ ಅಂದಾಜು. ರೋಗಿಗೆ ಹಾಗೆಂದೇ ಹೇಳಬೇಕು. ಕಾಗದದ ಮೇಲೂ ಹಾಗೆಂದೇ ಬರೆಯಬೇಕು, ಏಕೆಂದರೆ ಒಮ್ಮೆ "ಟಿಬಿ" ಎಂದು ಬರೆದ ಕಾಗದವನ್ನು ಮುಂದಿನ ವೈದ್ಯರು ಪ್ರಶ್ನಿಸುವುದಿಲ್ಲ. ಆ ರೈತನ ಕಾಗದವನ್ನು ನಾನು ಪ್ರಶ್ನಿಸಲಿಲ್ಲವಲ್ಲ.

ಈಗ ನನ್ನ ವಾರ್ಡಿನಲ್ಲಿ ಡಿಸ್ಚಾರ್ಜ್ ಚೀಟಿಯ ಮೇಲೆ ಹೀಗೆ ಬರೆಯುತ್ತೇವೆ: "ಹೃದಯಾವರಣದಲ್ಲಿ ದ್ರವ. ಟಿಬಿ ಶಂಕೆ. ಗ್ರಾಂ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಇಲ್ಲ, ಐದು ದಿನದ ಕಲ್ಚರ್ ಬೆಳೆದಿಲ್ಲ, ಸಿಬಿನಾಟ್ ಪರೀಕ್ಷೆಯಲ್ಲಿ ಟಿಬಿ ಇಲ್ಲ, ಟಿಬಿ ಕಲ್ಚರ್ ಬಾಕಿ." ದ್ರವ ಮಾಧ್ಯಮದ ಟಿಬಿ ಕಲ್ಚರಿನ ಫಲಕ್ಕೆ 42 ದಿನದವರೆಗೂ ಕಾಯುತ್ತಾರೆ. ಅಷ್ಟರಲ್ಲಿ ರೋಗಿ ಊರು ಸೇರಿ ತಿಂಗಳು ದಾಟಿರುತ್ತದೆ, ಅವನನ್ನು ನೋಡಿದ ಕಿರಿಯ ವೈದ್ಯೆ ಬೇರೆ ವಿಭಾಗಕ್ಕೆ ಹೋಗಿರುತ್ತಾಳೆ, ವರದಿ ಕಂಪ್ಯೂಟರಿನಲ್ಲಿ ಯಾರೂ ತೆರೆಯದೆ ಕೂತಿರುತ್ತದೆ. ಅದಕ್ಕೇ ಚೀಟಿಯ ಕೊನೆಯ ಸಾಲಿನಲ್ಲಿ ಒಂದು ತಾರೀಖು, ಅದರ ಪಕ್ಕದಲ್ಲಿ ಆ ದಿನ ವರದಿ ನೋಡಿ ರೋಗಿಗೆ ಫೋನ್ ಮಾಡಬೇಕಾದವರ ಹೆಸರು.